ಮಾತು ಬಲ್ಲ, ಹೊಸ್ತಿಲು ದಾಟಲಾರದ ರೋಬೋಟ್: ಒಂದು ಗೃಹ ರೋಬೋಟ್ ಕಿಟ್‌ನ ವಿಮರ್ಶೆ

ನಾಲ್ಕು ತಿಂಗಳ ಹಿಂದೆ ನಾನು ಕೊಂಡ ಗೃಹ ರೋಬೋಟ್ ಕಿಟ್‌ನ ಪೆಟ್ಟಿಗೆಯ ಮೇಲೆ, ಅದು ಮಾತಾಡುತ್ತದೆ, ನೋಡುತ್ತದೆ, ಮನೆಯನ್ನು ತಾನೇ ಅರಿತುಕೊಳ್ಳುತ್ತದೆ ಎಂದು ಬರೆದಿತ್ತು. ಈ ಮೂರರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೂ ಬಿಡಿಭಾಗಗಳನ್ನು ಜೋಡಿಸಿ ತಂತ್ರಾಂಶವನ್ನು ಬಹುಮಟ್ಟಿಗೆ ನಾವೇ ಕಟ್ಟಿಕೊಳ್ಳಬೇಕಾದ ಯಂತ್ರವೊಂದನ್ನು ಅಳೆಯಲು ನಾನು ಇಟ್ಟುಕೊಂಡ ಅಳತೆಗೋಲು ಬೇರೆಯೇ ಆಗಿತ್ತು: ಹೇಳಿದ ಕೋಣೆಗೆ ಹೋಗಿ, ಅಲ್ಲಿಂದ ಯಾರ ಕೈಯೂ ತಾಗದೆ ತನ್ನ ಚಾರ್ಜಿಂಗ್ ಪೀಠಕ್ಕೆ ಮರಳಿ ಬಂದು ನಿಲ್ಲಬಲ್ಲದೇ? ಕೇಳಲು ಇದು ಅಲ್ಪವೆನಿಸಬಹುದು. ಆದರೆ ಚಕ್ರ, ಸಂವೇದಕ, ನಕ್ಷೆ, ವಿದ್ಯುತ್ತು, ಮಾತಿನ ಗ್ರಹಿಕೆ ಇವೆಲ್ಲ ಒಟ್ಟಿಗೆ ಸರಿಯಿದ್ದಾಗ ಮಾತ್ರ ಆಗುವ ಕೆಲಸ ಅದು. ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಹೆಚ್ಚುಕಡಿಮೆ ಇದೇ ಭಾಗಗಳನ್ನು ಬಳಸುವ ಕಿಟ್‌ಗಳು ಹಲವು ಇರುವುದರಿಂದ ಕೆಳಗಿನ ಮಾತುಗಳಲ್ಲಿ ಬಹುಪಾಲು ಅವುಗಳಿಗೂ ಹೊಂದುತ್ತವೆ.

ಪೆಟ್ಟಿಗೆಯಲ್ಲಿ ಎರಡು ಚಕ್ರಗಳೂ ಹಿಂಬದಿಗೆ ಒಂದು ಗುಂಡು ಉರುಳೆಯೂ ಇರುವ ತಳ, ಸುತ್ತುಗಳನ್ನು ಎಣಿಸುವ ಎನ್‌ಕೋಡರ್ ಇರುವ ಎರಡು ಮೋಟರ್‌ಗಳು, ಅವನ್ನು ನಡೆಸುವ ಚಿಕ್ಕ ನಿಯಂತ್ರಕ ಬೋರ್ಡ್, 8 ಜಿಬಿ ಸ್ಮೃತಿಯ ರಾಸ್ಪ್‌ಬೆರಿ ಪೈ 5 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಸುತ್ತಲೂ ತಿರುಗಿ ದೂರ ಅಳೆಯುವ ಲೈಡಾರ್, ಆಳವನ್ನೂ ಅಳೆಯುವ ಕ್ಯಾಮೆರಾ, ನಾಲ್ಕು ಮೈಕ್ರೊಫೋನ್‌ಗಳ ಒಂದು ತಟ್ಟೆ, ಸ್ಪೀಕರ್, ಮೂರು ಕೋಶಗಳ ಲಿಥಿಯಂ ಬ್ಯಾಟರಿ ಮತ್ತು ಚಾರ್ಜಿಂಗ್ ಪೀಠ ಇದ್ದವು. ಜೋಡಣೆಗೆ ಒಂದು ಮಧ್ಯಾಹ್ನ ಸಾಕಾಯಿತು. ಸ್ಕ್ರೂಗಳನ್ನು ಅಳತೆವಾರು ಬೇರೆ ಬೇರೆ ಚೀಲಗಳಲ್ಲಿ ಹಾಕಿ ಮೇಲೆ ಅಂಕಿ ಬರೆದಿದ್ದುದು, ತಂತಿಗಳ ತುದಿಯನ್ನು ತಪ್ಪು ಜಾಗಕ್ಕೆ ಚುಚ್ಚಲಾಗದಂತೆ ಮಾಡಿದ್ದುದು ಮೆಚ್ಚತಕ್ಕ ಸಂಗತಿ. ಯಂತ್ರಾಂಶವನ್ನು ವಿನ್ಯಾಸಗೊಳಿಸಿದವರಿಗೆ ಕೊಳ್ಳುವವರ ಕಷ್ಟ ಗೊತ್ತಿದೆ.

ಕೈಪಿಡಿ ಬರೆದವರ ಬಗ್ಗೆ ಅದೇ ಮಾತು ಹೇಳಲಾರೆ. ಈ ಕಿಟ್‌ನ ತಂತ್ರಾಂಶ ನಿಂತಿರುವುದು ರೋಬೋಟ್‌ನ ಭಾಗಗಳ ನಡುವೆ ಸಂದೇಶ ಸಾಗಿಸುವ ರಾಸ್ 2 ಎಂಬ ಮುಕ್ತ ತಂತ್ರಾಂಶದ ಮೇಲೆ. 2007ರ ಸುಮಾರಿಗೆ ವಿಲೋ ಗರಾಜ್ ಪ್ರಯೋಗಾಲಯದಲ್ಲಿ ಬೆಳೆಯತೊಡಗಿದ ರಾಸ್‌ನ ಈ ಎರಡನೆಯ ಪೀಳಿಗೆಯ ಮೊದಲ ಆವೃತ್ತಿ 2017ರ ಡಿಸೆಂಬರ್‌ನಲ್ಲಿ ಹೊರಬಂತು. ಇಂದು ಕಲಿಯುವವರ ಮೇಜಿನಿಂದ ಉಗ್ರಾಣಗಳ ಗಾಡಿಗಳವರೆಗೆ ಅದರ ಬಳಕೆಯಿದೆ. ತಯಾರಕರು ಹಳೆಯ ಬೋರ್ಡನ್ನು ಬಿಟ್ಟು ಪೈ 5ಕ್ಕೆ ಬಂದಿದ್ದಾರೆ. ಪೈ 5ಕ್ಕೆ ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯ 22.04 ಆವೃತ್ತಿಯಲ್ಲಿ ಅಧಿಕೃತ ಬೆಂಬಲವಿಲ್ಲದ ಕಾರಣ 24.04ಕ್ಕೂ, ಅದರೊಂದಿಗೆ 2024ರ ಮೇ ತಿಂಗಳಲ್ಲಿ ಬಿಡುಗಡೆಯಾದ ರಾಸ್ 2ರ ಜಾಝಿ ಆವೃತ್ತಿಗೂ ಹೋಗಬೇಕಾಗಿ ಬಂದಿದೆ. ಕೈಪಿಡಿಯಾದರೋ 2022ರ ಹಂಬಲ್ ಆವೃತ್ತಿಯಲ್ಲೇ ಉಳಿದಿದೆ. ಪರಿಣಾಮವಾಗಿ ಅದರಲ್ಲಿರುವ ಅನುಕರಣ ಪಾಠಗಳು, ಅಂದರೆ ಗಜೀಬೊ ಎಂಬ ತಂತ್ರಾಂಶದಲ್ಲಿ ರೋಬೋಟ್‌ನ ನೆರಳನ್ನು ಓಡಿಸಿ ನೋಡುವ ಪಾಠಗಳು, ಒಂದೂ ನಡೆಯುವುದಿಲ್ಲ. ಆ ಪಾಠಗಳು ನೆಚ್ಚಿಕೊಂಡಿದ್ದ ಹಳೆಯ ಗಜೀಬೊದ ಪೋಷಣೆಯೇ 2025ರ ಜನವರಿಯಲ್ಲಿ ಮುಗಿದಿದೆ.

ಇದಕ್ಕಿಂತ ಹೆಚ್ಚು ಕಾಡಿದ್ದು ಮೇಲ್ನೋಟಕ್ಕೆ ಕಾಣದ ಇನ್ನೊಂದು ಬದಲಾವಣೆ. ವೇಗದ ಆಜ್ಞೆಯನ್ನು ಚಕ್ರಗಳಿಗೆ ತಲುಪಿಸುವ ನಿಯಂತ್ರಕವು ಜಾಝಿಯಲ್ಲಿ ಸಮಯದ ಮುದ್ರೆಯಿರುವ ಸಂದೇಶವನ್ನಷ್ಟೇ ಒಪ್ಪುತ್ತದೆ; ಕೈಪಿಡಿ ಕಳುಹಿಸಲು ಹೇಳುವುದು ಮುದ್ರೆಯಿಲ್ಲದ ಹಳೆಯ ಬಗೆಯ ಸಂದೇಶವನ್ನು. ಎರಡು ದಿನ ನಾನು ಮೋಟರ್, ತಂತಿ, ಬ್ಯಾಟರಿ ಎಲ್ಲವನ್ನೂ ಅನುಮಾನಿಸಿದೆ. ಸಂದೇಶ ಹೋಗುತ್ತಿದೆ, ದೋಷವೆಂದು ಯಾರೂ ಕೂಗುತ್ತಿಲ್ಲ, ಚಕ್ರ ಮಾತ್ರ ಮಿಸುಕುತ್ತಿಲ್ಲ. ಹೊಸಬರು ಇಂಥ ಕಡೆಯೇ ಕಿಟ್ಟನ್ನು ಮತ್ತೆ ಪೆಟ್ಟಿಗೆಗೆ ತುಂಬಿ ಅಟ್ಟದ ಮೇಲಿಡುವುದು.

ಚಕ್ರ ಉರುಳಿದ ಮೇಲೆ ನಿಜವಾದ ಕೆಲಸ ಆರಂಭವಾಗುತ್ತದೆ. ಹೆಚ್ಚಿನ ವಿಮರ್ಶೆಗಳು ಒಂದು ವಾಕ್ಯದಲ್ಲಿ ಮುಗಿಸಿಬಿಡುವ ಓಡೋಮೆಟ್ರಿ, ಅಂದರೆ ಚಕ್ರ ಎಷ್ಟು ಸುತ್ತಿತು ಎಂದು ಎಣಿಸಿ ತಾನು ಎಲ್ಲಿದ್ದೇನೆ ಎಂದು ರೋಬೋಟ್ ಲೆಕ್ಕ ಹಾಕುವ ವಿಧಾನ, ಈ ಕಿಟ್‌ನ ಗುಣದೋಷಗಳು ಕಣ್ಣಿಗೆ ಬೀಳುವ ಮೊದಲ ಜಾಗ. ಕೈಪಿಡಿಯ ಪ್ರಕಾರ ಚಕ್ರದ ವ್ಯಾಸ 66 ಮಿಲಿಮೀಟರ್, ಎರಡು ಚಕ್ರಗಳ ನಡುವಿನ ಅಂತರ 160 ಮಿಲಿಮೀಟರ್. ರಬ್ಬರು ಸವೆದೋ ಯಂತ್ರದ ಭಾರಕ್ಕೆ ಅದುಮಿಯೋ ವ್ಯಾಸ ನಿಜದಲ್ಲಿ 65 ಆಗಿದ್ದರೆ, ರೋಬೋಟ್ 10 ಮೀಟರ್ ಬಂದೆ ಎಂದುಕೊಂಡಾಗ ಅದು ಸುಮಾರು 15 ಸೆಂಟಿಮೀಟರ್ ಹಿಂದೆಯೇ ಇರುತ್ತದೆ. ಚಕ್ರಗಳ ಅಂತರದಲ್ಲಿ ಅಷ್ಟೇ ತಪ್ಪಿದ್ದರೆ ಪರಿಣಾಮ ಇನ್ನೂ ಕೆಟ್ಟದು: ನಿಂತಲ್ಲೇ ಒಂದು ಸುತ್ತು ತಿರುಗಿದರೆ ಸುಮಾರು 2.25 ಡಿಗ್ರಿ ವಾಲುತ್ತದೆ, ಅದೇ ವಾಲಿಕೆಯಲ್ಲಿ 5 ಮೀಟರ್ ಮುಂದೆ ಹೋದರೆ ಗುರಿಯಿಂದ ಸುಮಾರು 20 ಸೆಂಟಿಮೀಟರ್ ಪಕ್ಕಕ್ಕೆ ಬಂದಿರುತ್ತದೆ. ಬಾಗಿಲಿನ ಚೌಕಟ್ಟಿಗೆ ತಾಗಲು ಇಷ್ಟು ಸಾಕು.

ಇದನ್ನು ಸರಿಪಡಿಸಲು ಹಳೆಯದೊಂದು ವಿಧಾನವಿದೆ. ಮಿಶಿಗನ್ ವಿಶ್ವವಿದ್ಯಾಲಯದ ಯೋಹಾನ್ ಬೋರೆನ್‌ಸ್ಟೈನ್ ಮತ್ತು ಅವರ ಸಹೋದ್ಯೋಗಿ ಫೆಂಗ್ 1990ರ ದಶಕದಲ್ಲಿ ರೂಪಿಸಿದ ಈ ಪರೀಕ್ಷೆಯಲ್ಲಿ ರೋಬೋಟನ್ನು ಚೌಕಾಕಾರದ ದಾರಿಯಲ್ಲಿ ಒಮ್ಮೆ ಬಲಸುತ್ತಾಗಿ, ಒಮ್ಮೆ ಎಡಸುತ್ತಾಗಿ ಹಲವು ಬಾರಿ ಓಡಿಸಿ, ಹೊರಟ ಜಾಗಕ್ಕೂ ಮರಳಿದ ಜಾಗಕ್ಕೂ ಇರುವ ಅಂತರವನ್ನು ಅಳೆಯುತ್ತಾರೆ. ಒಂದೇ ದಿಕ್ಕಿನಲ್ಲಿ ಓಡಿಸಿದರೆ ಎರಡು ಚಕ್ರಗಳ ವ್ಯಾಸದ ವ್ಯತ್ಯಾಸವೂ ಅಂತರದ ತಪ್ಪೂ ಒಂದನ್ನೊಂದು ಮುಚ್ಚಿಕೊಂಡು ಯಂತ್ರ ಸರಿಯಿರುವಂತೆ ತೋರಬಹುದು. ದಿಕ್ಕು ಬದಲಿಸಿದ ಕೂಡಲೇ ಎರಡೂ ಸೇರಿಕೊಂಡು ತಪ್ಪು ಬಯಲಾಗುತ್ತದೆ. ನೆಲದ ಮೇಲೆ ಅಂಟುಪಟ್ಟಿಯಿಂದ ಚೌಕ ಗುರುತಿಸಿ ಒಂದು ಸಂಜೆ ಇದನ್ನು ಮಾಡಿದೆ. ಅಲ್ಲಿಯವರೆಗೆ ನಕ್ಷೆಯಲ್ಲಿ ಇಬ್ಬಗೆಯಾಗಿ ಮೂಡುತ್ತಿದ್ದ ಗೋಡೆಗಳು ಮರುದಿನ ಒಂದೊಂದೇ ಗೆರೆಯಾಗಿ ಕುಳಿತವು. ಇಡೀ ನಾಲ್ಕು ತಿಂಗಳಲ್ಲಿ ಈ ಯಂತ್ರದ ‘ಬುದ್ಧಿ’ಗೆ ಅತ್ಯಂತ ಹೆಚ್ಚು ನೆರವಾದದ್ದು ಅಳತೆಪಟ್ಟಿ ಹಿಡಿದು ಕಳೆದ ಆ ಸಂಜೆಯೇ ಎಂದರೆ ಅತಿಶಯವಲ್ಲ; ಕೈಪಿಡಿಯಲ್ಲಿ ಅದರ ಪ್ರಸ್ತಾಪವೇ ಇಲ್ಲ.

ಉರುಳೆಯ ವಿಷಯದಲ್ಲಿ ಮಾತ್ರ ಯಾವ ಲೆಕ್ಕವೂ ಕೈಹಿಡಿಯಲಿಲ್ಲ. ಬೆರಳ ತುದಿಯಷ್ಟಿರುವ ಆ ಲೋಹದ ಗುಂಡು ಒಂದೂವರೆ ಸೆಂಟಿಮೀಟರ್ ಎತ್ತರದ ಹೊಸ್ತಿಲನ್ನು ಹತ್ತಲಾರದು, ನೆಲಹಾಸಿನ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ, ತಿಂಗಳೊಳಗೆ ಕೂದಲು ದೂಳು ಮೆತ್ತಿಕೊಂಡು ಉರುಳುವುದನ್ನೇ ನಿಲ್ಲಿಸುತ್ತದೆ. ಮುಂದಿನ ಚಕ್ರಗಳು ಹೊಸ್ತಿಲು ಹತ್ತುತ್ತವೆ, ಹಿಂದಿನ ಗುಂಡು ಒಲ್ಲೆನೆನ್ನುತ್ತದೆ, ಚಕ್ರಗಳು ನಿಂತಲ್ಲೇ ಜಾರುತ್ತವೆ. ಎನ್‌ಕೋಡರ್ ಮಾತ್ರ ನಿಷ್ಠೆಯಿಂದ ಸುತ್ತುಗಳನ್ನು ಎಣಿಸುತ್ತಾ ಯಂತ್ರ ಪಕ್ಕದ ಕೋಣೆ ತಲುಪಿತೆಂದು ವರದಿ ಕೊಡುತ್ತದೆ. ಕೋನವೇಗ ಅಳೆಯುವ ಜೈರೊಸ್ಕೋಪಿನ ಮಾತನ್ನೂ ಎನ್‌ಕೋಡರಿನ ಮಾತನ್ನೂ ಎರಡು ಅಳತೆಗಳನ್ನು ತೂಗಿ ಒಂದಾಗಿಸುವ ಕಾಲ್ಮನ್ ಶೋಧಕ ಎಂಬ ಲೆಕ್ಕದಲ್ಲಿ ಬೆರೆಸಿಕೊಂಡರೆ ತಿರುವುಗಳ ಲೆಕ್ಕ ಸುಧಾರಿಸುತ್ತದೆ. ನೇರಕ್ಕೆ ಜಾರಿದ್ದನ್ನು ಅದು ಕಂಡುಹಿಡಿಯಲಾರದು. ಮಾತಾಡುವ ತಂತ್ರಾಂಶಕ್ಕೆ ಅಷ್ಟು ವೆಚ್ಚ ಮಾಡಿ ಉರುಳೆಯಲ್ಲಿ ಉಳಿತಾಯ ಮಾಡಿದ್ದನ್ನು ಕಂಡಾಗ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆ ನೆನಪಾಯಿತು.

ನಕ್ಷೆ ಕಟ್ಟುವ ಭಾಗ ಇದಕ್ಕೆ ಹೋಲಿಸಿದರೆ ಸುಖದ ಅನುಭವ. ಜಾಗವನ್ನು ಚಿಕ್ಕ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲೂ ಅಡ್ಡಿಯಿರುವ ಸಂಭವವೆಷ್ಟು ಎಂದು ಬರೆದಿಟ್ಟುಕೊಳ್ಳುವ ವಿಚಾರವನ್ನು ಹ್ಯಾನ್ಸ್ ಮೊರಾವೆಕ್ ಮತ್ತು ಆಲ್ಬರ್ಟೊ ಎಲ್ಫೆಸ್ 1985ರಲ್ಲಿ ಮಂಡಿಸಿದರು. ಇಂದಿಗೂ ಗೃಹ ರೋಬೋಟ್‌ಗಳ ನಕ್ಷೆಗಳು ಬಹುಮಟ್ಟಿಗೆ ಹಾಗೆಯೇ ಇವೆ. ಈ ಕಿಟ್‌ನಲ್ಲಿ ಒಂದು ಚೌಕ 5 ಸೆಂಟಿಮೀಟರ್. ಸ್ಲ್ಯಾಮ್ ಟೂಲ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಚಾಲೂ ಮಾಡಿ, ರೋಬೋಟನ್ನು ಕೈಯಾರೆ ಕೋಣೆಯಿಂದ ಕೋಣೆಗೆ ನಿಧಾನವಾಗಿ ಓಡಿಸಿದರೆ ಅರ್ಧ ಗಂಟೆಯಲ್ಲಿ ಮನೆಯ ನಕ್ಷೆ ಸಿದ್ಧವಾಗುತ್ತದೆ. ಅನಂತರ ನ್ಯಾವ್2 ಎಂಬ ಸಂಚಾರ ತಂತ್ರಾಂಶವು, ಯಂತ್ರ ಎಲ್ಲಿರಬಹುದು ಎಂಬ ನೂರಾರು ಊಹೆಗಳನ್ನು ಏಕಕಾಲಕ್ಕೆ ಇಟ್ಟುಕೊಂಡು, ಲೈಡಾರ್ ಕಂಡದ್ದಕ್ಕೆ ಹೊಂದದ ಊಹೆಗಳನ್ನು ಕೈಬಿಡುತ್ತಾ ಹೋಗುತ್ತದೆ; ರೂಢಿಯ ಹೊಂದಾಣಿಕೆಯಲ್ಲಿ ಈ ಊಹೆಗಳ ಸಂಖ್ಯೆ 500ರಿಂದ 2000. ದಾರಿ ಹುಡುಕಲು ಅದು ಬಳಸಬಹುದಾದ ಎ ಸ್ಟಾರ್ ವಿಧಾನ 1968ರಷ್ಟು ಹಳೆಯದು. ಶೇಕಿ ಎಂಬ, ಚಕ್ರಗಳ ಮೇಲೆ ನಡುಗುತ್ತಾ ಚಲಿಸುತ್ತಿದ್ದ ರೋಬೋಟ್‌ಗಾಗಿ ನಡೆದ ಸಂಶೋಧನೆಯಿಂದ ಬಂದದ್ದು. ಕೃತಕ ಬುದ್ಧಿಮತ್ತೆ ಎಂದೊಡನೆ ಭಾಷಾ ಮಾದರಿಗಳನ್ನಷ್ಟೇ ನೆನೆಯುವ ಈ ಹೊತ್ತಿನಲ್ಲಿ, ನನ್ನ ಮನೆಯಲ್ಲಿ ದಿನವೂ ತಪ್ಪಿಲ್ಲದೆ ದುಡಿಯುತ್ತಿರುವುದು ಅರ್ಧ ಶತಮಾನ ದಾಟಿದ ಈ ಗಣಿತ.

ಆದರೆ ಲೈಡಾರ್ ನೋಡುವುದು ನೆಲದಿಂದ ಒಂದು ಗೇಣು ಎತ್ತರದ ಒಂದೇ ಸಮತಲವನ್ನು. ಮೇಜಿನ ನಾಲ್ಕು ಕಾಲುಗಳು ಅದಕ್ಕೆ ನಾಲ್ಕು ಚುಕ್ಕೆ. ನಡುವೆ ವಿಶಾಲ ದಾರಿಯಿದೆ ಎಂದು ಅದು ನುಗ್ಗುತ್ತದೆ. ಗಾಜಿನ ಬಾಗಿಲನ್ನು ಕಿರಣ ದಾಟಿಹೋಗುವುದರಿಂದ ಅಲ್ಲಿ ಬಾಗಿಲೇ ಇಲ್ಲ. ನಿಲುವುಗನ್ನಡಿಯೊಳಗೆ ಇನ್ನೊಂದು ಕೋಣೆಯಿದೆ. ಗಾಜು ಮತ್ತು ಕನ್ನಡಿಯಿರುವ ಜಾಗಗಳನ್ನು ನಕ್ಷೆಯಲ್ಲಿ ಕೈಯಿಂದ ಗುರುತಿಸಿ ನಿಷಿದ್ಧ ವಲಯವೆಂದು ಘೋಷಿಸುವ ಸೌಲಭ್ಯ ನ್ಯಾವ್2ರಲ್ಲಿದೆ, ಅದನ್ನು ಬಳಸಿಕೊಂಡೆ. ನೆಲದ ಮೇಲೆ ಬಿದ್ದ ತಂತಿ, ಚಪ್ಪಲಿ, ಬಟ್ಟೆಗಳ ಹೊಣೆ ಆಳದ ಕ್ಯಾಮೆರಾದ್ದು. ಹಗಲಿನಲ್ಲಿ ಅದು ಸಾಕಷ್ಟು ಚೆನ್ನಾಗಿ ದುಡಿಯುತ್ತದೆ. ಎರಡು ಮಸೂರಗಳ ಚಿತ್ರಗಳನ್ನು ಹೋಲಿಸಿ ದೂರ ಅಳೆಯುವ ಬಗೆಯ ಕ್ಯಾಮೆರಾ ಇದಾದ ಕಾರಣ ಗುರುತೇ ಇಲ್ಲದ ಬೋಳು ಬಿಳಿ ಗೋಡೆಯೆದುರು ಮಾತ್ರ ತಡವರಿಸುತ್ತದೆ.

ವಸ್ತುಗಳನ್ನು ಹೆಸರಿಸುವ ತಂತ್ರಾಂಶ ಈ ಕಿಟ್‌ನ ಅತ್ಯಂತ ವಿನೋದದ ಭಾಗ. ತಯಾರಕರು ಕೊಟ್ಟಿರುವುದು ಯೋಲೊ ಕುಟುಂಬದ ಚಿಕ್ಕ ಮಾದರಿ. ಅದು ಕಲಿತಿರುವುದು ಕೋಕೊ ಎಂಬ ಪ್ರಸಿದ್ಧ ಚಿತ್ರಸಂಗ್ರಹದ 80 ಬಗೆಯ ವಸ್ತುಗಳನ್ನು. ಆ 80ರಲ್ಲಿ ಜಿರಾಫೆಯಿದೆ, ಜೀಬ್ರಾ ಇದೆ, ಕರಡಿಯಿದೆ, ಹಿಮದ ಮೇಲೆ ಜಾರುವ ಹಲಗೆಯೂ ಇದೆ. ಬಾಗಿಲು ಇಲ್ಲ, ಚಪ್ಪಲಿ ಇಲ್ಲ, ಹೊಸ್ತಿಲು ಇಲ್ಲ, ನೆಲದ ಮೇಲಿನ ತಂತಿ ಇಲ್ಲ. ಮನೆಯೊಳಗೆ ಜಿರಾಫೆ ಬಂದರೆ ಖಂಡಿತ ಎಚ್ಚರಿಸುವ, ಚಪ್ಪಲಿಯನ್ನು ಮಾತ್ರ ದಿನವೂ ತುಳಿಯುವ ಯಂತ್ರವನ್ನು ಗೃಹ ರೋಬೋಟ್ ಎಂದು ಮಾರುವ ಮುನ್ನ ತಯಾರಕರು ಒಂದು ಗಳಿಗೆ ಯೋಚಿಸಬಹುದಿತ್ತು. ನನ್ನದೇ ಮನೆಯ ಕೆಲವು ನೂರು ಚಿತ್ರಗಳನ್ನು ರೋಬೋಟ್‌ನ ಕಣ್ಣಿನ ಎತ್ತರದಿಂದಲೇ ತೆಗೆದು, ಚಪ್ಪಲಿ, ತಂತಿ, ತೆರೆದ ಬಾಗಿಲು, ಮುಚ್ಚಿದ ಬಾಗಿಲು ಎಂದು ಗುರುತು ಹಾಕಿ ಮಾದರಿಗೆ ಮರುತರಬೇತಿ ಕೊಟ್ಟೆ. ಎತ್ತರದ ಮಾತು ಮುಖ್ಯ: ನಿಂತು ತೆಗೆದ ಚಿತ್ರಗಳಲ್ಲಿ ಕಲಿತದ್ದು ನೆಲಕ್ಕಂಟಿದ ಕಣ್ಣಿಗೆ ಉಪಯೋಗಕ್ಕೆ ಬರಲಿಲ್ಲ, ಮೊದಲ ಸಲದ ಶ್ರಮ ಹಾಗೆ ವ್ಯರ್ಥವಾಯಿತು. ತರಬೇತಿಯನ್ನು ಗ್ರಾಫಿಕ್ಸ್ ಕಾರ್ಡ್ ಇರುವ ಬೇರೊಂದು ಕಂಪ್ಯೂಟರಿನಲ್ಲಿ ಮಾಡಬೇಕಾಗುತ್ತದೆ. ಈ ಬೋರ್ಡಿಗೆ ಅದು ಮೀರಿದ ಕೆಲಸ.

ಮಾತಿನ ಗ್ರಹಿಕೆಗೆ ಕಿಟ್ ಎರಡು ದಾರಿ ಕೊಡುತ್ತದೆ. ಒಂದು ತಯಾರಕರ ದೂರದ ಸರ್ವರ್, ಇನ್ನೊಂದು ಬೋರ್ಡಿನ ಮೇಲೆಯೇ ನಡೆಯುವ, ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ಎಂಬ ತಂತ್ರಾಂಶ. 2022ರ ಸೆಪ್ಟೆಂಬರ್‌ನಲ್ಲಿ ಓಪನ್ಎಐ ಬಿಡುಗಡೆ ಮಾಡಿದ ವಿಸ್ಪರ್ 6,80,000 ಗಂಟೆಗಳ ಧ್ವನಿಯಿಂದ ಕಲಿತದ್ದಾದರೂ ಅದರಲ್ಲಿ ಕನ್ನಡದ ಪಾಲು ತೀರ ಕಡಿಮೆ. ಅದರ ಚಿಕ್ಕ ಮಾದರಿಗಳು ಇಂಗ್ಲಿಷಿನ ಆಜ್ಞೆಗಳನ್ನು ಚೆನ್ನಾಗಿಯೇ ಹಿಡಿಯುತ್ತವೆ. ಕನ್ನಡದಲ್ಲಿ ತೊಂದರೆ ಪದದ ಆದಿಯಲ್ಲಲ್ಲ, ಅಂತ್ಯದಲ್ಲಿ. ನಮ್ಮ ಭಾಷೆಯಲ್ಲಿ ದಿಕ್ಕೆಲ್ಲ ಪ್ರತ್ಯಯದಲ್ಲಿದೆ. ‘ಕೋಣೆಗೆ’, ‘ಕೋಣೆಯಿಂದ’, ‘ಕೋಣೆಯಲ್ಲಿ’ ಇವುಗಳ ನಡುವಿನ ವ್ಯತ್ಯಾಸವೇ ಆಜ್ಞೆಯ ಪ್ರಾಣ, ದೂರದಿಂದ ಆಡಿದಾಗ ಮೊದಲು ಕರಗಿಹೋಗುವುದೂ ಅದೇ. ‘ಕೋಣೆಯಿಂದ ಬಾ’ ಎಂದರೆ ಕೋಣೆಗೆ ಹೋದ ದಿನಗಳಿವೆ. ಕ್ರಿಯಾಪದವನ್ನೂ ಸೇರಿಸಿ ನೋಡಿ, ‘ಬಾ’ ಇದ್ದರೆ ‘ಇಂದ’, ‘ಹೋಗು’ ಇದ್ದರೆ ‘ಗೆ’ ಎಂದು ಊಹಿಸುವ ಸಣ್ಣ ನಿಯಮವೊಂದನ್ನು ಬರೆದೆ. ದೊಡ್ಡ ಮಾದರಿಗಿಂತ ಅದೇ ಹೆಚ್ಚು ಉಪಕರಿಸಿತು. ಮೌನದಲ್ಲೂ ಏನನ್ನೋ ಕೇಳಿಸಿಕೊಂಡಂತೆ ವಾಕ್ಯಗಳನ್ನು ಹುಟ್ಟಿಸುವುದು ವಿಸ್ಪರ್‌ಗೆ ಇರುವ ತಿಳಿದ ದೋಷ. ಆದ್ದರಿಂದ ಮನುಷ್ಯರ ದನಿಯಿದೆಯೇ ಎಂದು ಮೊದಲೇ ಪರಿಶೀಲಿಸುವ ಶೋಧಕವೊಂದು ಅದರ ಮುಂದೆ ಇರಲೇಬೇಕು. ಕಿಟ್‌ನಲ್ಲಿ ಅದು ಇಲ್ಲ. ಮೈಕ್ರೊಫೋನ್ ತಟ್ಟೆಯನ್ನು ಮೋಟರ್‌ಗಳಿಂದ ದೂರ, ತುತ್ತತುದಿಯಲ್ಲಿ ಇಟ್ಟಿರುವುದು ಮಾತ್ರ ಜಾಣತನ.

ಕೇಳಿದ ಮಾತಿಗೆ ಉತ್ತರ ಕಟ್ಟುವ, ಕಿಟ್‌ನ ಭಾಷಾ ಮಾದರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಹೇಳಬೇಕಾದದ್ದು ಒಂದೇ: ಅದನ್ನು ಚಕ್ರಗಳಿಗೆ ನೇರವಾಗಿ ಜೋಡಿಸಬಾರದು. ಕಿಟ್‌ನ ಪ್ರದರ್ಶನ ತಂತ್ರಾಂಶದಲ್ಲಿ ಮಾದರಿಯೇ ವೇಗವನ್ನೂ ದಿಕ್ಕನ್ನೂ ಬರೆದು ಕಳುಹಿಸುತ್ತದೆ. ಒಂದು ಉತ್ತರ ತಡವಾದರೆ ಯಂತ್ರ ಅಷ್ಟು ಹೊತ್ತು ಕುರುಡು. ಅದನ್ನು ತೆಗೆದು, ‘ಕೋಣೆಗೆ ಹೋಗು’, ‘ನಿಲ್ಲು’, ‘ಮರಳು’, ‘ವಸ್ತು ಹುಡುಕು’ ಎಂಬ ಕೆಲವೇ ಕೆಲಸಗಳ ಪಟ್ಟಿಯಿಂದ ಒಂದನ್ನು ಆರಿಸುವ ಅಧಿಕಾರವನ್ನಷ್ಟೇ ಮಾದರಿಗೆ ಕೊಟ್ಟೆ. ಆರಿಸಿದ್ದು ಪಟ್ಟಿಯಲ್ಲಿ ಇಲ್ಲದಿದ್ದರೆ ತಿರಸ್ಕಾರ. ಮಿಕ್ಕದ್ದೆಲ್ಲ ನ್ಯಾವ್2ರ ಹೊಣೆ. ನೂರಾರು ಕೋಟಿ ನಿಯತಾಂಕಗಳ ಮಾದರಿಯನ್ನು ಕುಗ್ಗಿಸಿ ಬೋರ್ಡಿನಲ್ಲೇ ಓಡಿಸುವುದು ಸಾಧ್ಯ, ಆದರೆ ಉತ್ತರಕ್ಕೆ ಕಾಯುವ ತಾಳ್ಮೆ ಬೇಕು, ಅಷ್ಟು ಹೊತ್ತು ನಕ್ಷೆಯ ಕೆಲಸವೂ ನಿಧಾನಿಸುತ್ತದೆ.

ಸುರಕ್ಷತೆಯಲ್ಲಿ ಕ್ಷಮಿಸಲಾಗದ ಒಂದು ಲೋಪವಿದೆ. ಆಜ್ಞೆ ಬರುವುದು ನಿಂತರೆ ಅರ್ಧ ಸೆಕೆಂಡಿನಲ್ಲಿ ಮೋಟರ್‌ಗಳೂ ನಿಲ್ಲಬೇಕು ಎಂಬುದು ಚಲಿಸುವ ಯಂತ್ರಗಳ ಪ್ರಾಥಮಿಕ ಪಾಠ. ನನಗೆ ಬಂದ ನಿಯಂತ್ರಕ ಬೋರ್ಡಿನಲ್ಲಿ ಈ ಕಾವಲು ಇರಲಿಲ್ಲ. ಕೈಯಾರೆ ಓಡಿಸುತ್ತಿದ್ದಾಗ ವೈಫೈ ಕಡಿದುಹೋಗಿ, ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡ ರೋಬೋಟ್ ಗೋಡೆಗೆ ಗುದ್ದಿ ಅಲ್ಲಿಯೇ ಚಕ್ರ ತಿರುಗಿಸುತ್ತಾ ನಿಂತಿತು. ಕೈಗೆ ಸಿಗುವ ಕೆಂಪು ನಿಲುಗಡೆ ಗುಂಡಿಯೂ ಇಲ್ಲ. ಬೋರ್ಡಿನ ತಂತ್ರಾಂಶದ ಮೂಲವನ್ನು ಕೊಟ್ಟಿದ್ದರಿಂದ ಕಾವಲನ್ನು ನಾನೇ ಸೇರಿಸಿದೆ, ಗುಂಡಿಯನ್ನು ಬ್ಯಾಟರಿಯ ತಂತಿಯಲ್ಲಿ ಕೂರಿಸಿದೆ. ಮಕ್ಕಳಿರುವ ಮನೆಯಲ್ಲಿ ಇವೆರಡೂ ಇಲ್ಲದೆ ಈ ಯಂತ್ರವನ್ನು ನೆಲಕ್ಕೆ ಬಿಡಬೇಡಿ.

ಇನ್ನು ಪೀಠಕ್ಕೆ ಮರಳುವ ಪರೀಕ್ಷೆ. ಪೀಠದ ಮೇಲೆ ಏಪ್ರಿಲ್‌ಟ್ಯಾಗ್ ಎಂಬ ಕಪ್ಪುಬಿಳಿ ಚೌಕಗಳ ಗುರುತು ಅಂಟಿಸಿದ್ದಾರೆ. ಕ್ಯಾಮೆರಾ ಅದನ್ನು ಕಂಡು ದೂರವನ್ನೂ ಕೋನವನ್ನೂ ಲೆಕ್ಕಹಾಕಿ ಯಂತ್ರವನ್ನು ಮೆಲ್ಲನೆ ಸೇರಿಸಬೇಕು. ಮೊದಲ ವಾರಗಳಲ್ಲಿ ಸಂಜೆ ಚೆನ್ನಾಗಿ ಮರಳುತ್ತಿದ್ದ ರೋಬೋಟ್ ಬೆಳಗ್ಗೆ ಪೀಠದೆದುರು ಅತ್ತಿತ್ತ ತಿರುಗುತ್ತಾ ಸೋಲುತ್ತಿತ್ತು. ಕಾರಣ ಕಿಟಕಿಯ ಬಿಸಿಲು: ಗುರುತನ್ನು ಮುದ್ರಿಸಿದ್ದು ಹೊಳಪಿನ ಕಾಗದದಲ್ಲಿ. ಹೊಳಪಿಲ್ಲದ ಕಾಗದದಲ್ಲಿ ಅದನ್ನೇ ಮುದ್ರಿಸಿ ಅಂಟಿಸಿದ ಮೇಲೆ ಆ ತೊಂದರೆ ಹೋಯಿತು. ಎರಡನೆಯದು ವಿದ್ಯುತ್ತಿನದು. ಪೈ 5ಕ್ಕೆ ಪೂರ್ಣ ಶಕ್ತಿಯಲ್ಲಿ 5 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. ಕಿಟ್‌ನ ಪರಿವರ್ತಕ ಅಷ್ಟನ್ನು ಕೊಡಲಾರದೆ, ಬ್ಯಾಟರಿ ಇಳಿದಿರುವಾಗ ಎರಡೂ ಮೋಟರ್‌ಗಳು ಒಟ್ಟಿಗೆ ಹೊರಟರೆ ಬೋರ್ಡ್ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಹೀಗೆ ಎರಡು ಬಾರಿ ಆಗಿ ಮೆಮೊರಿ ಕಾರ್ಡೂ ಕೆಟ್ಟಿತು. ಬೋರ್ಡಿನ ಗಡಿಯಾರಕ್ಕೆ ಬೇಕಾದ ಚಿಕ್ಕ ಬ್ಯಾಟರಿಯನ್ನು ಪೆಟ್ಟಿಗೆಯಲ್ಲಿ ಇಟ್ಟಿಲ್ಲವಾದ್ದರಿಂದ, ಅಂತರಜಾಲವಿಲ್ಲದೆ ಎದ್ದ ಯಂತ್ರಕ್ಕೆ ಹೊತ್ತು ತಿಳಿಯುವುದಿಲ್ಲ. ಬೇರೆ ಕಂಪ್ಯೂಟರಿನಿಂದ ಬಂದ ಸಂದೇಶಗಳ ಸಮಯಕ್ಕೂ ತನ್ನ ಸಮಯಕ್ಕೂ ತಾಳೆಯಾಗದೆ ಸಂಚಾರವನ್ನೇ ನಿರಾಕರಿಸುತ್ತದೆ. ಪರಿವರ್ತಕವನ್ನು ಬದಲಿಸಿ, ಗಡಿಯಾರಕ್ಕೆ ಬ್ಯಾಟರಿ ಹಾಕಿ, ಹೊಸ್ತಿಲಿಗೆ ಮರದ ಇಳಿಜಾರು ಇಟ್ಟ ಮೇಲೆ ಮೂರನೆಯ ತಿಂಗಳ ಕೊನೆಗೆ ರೋಬೋಟ್ ದಿನವೂ ತಾನಾಗಿ ಮರಳತೊಡಗಿತು. ತಪ್ಪುವ ದಿನಗಳು ಈಗಲೂ ಇವೆ, ಹೆಚ್ಚಾಗಿ ಯಾರೋ ಕುರ್ಚಿಯನ್ನು ಪೀಠದೆದುರು ಎಳೆದಿಟ್ಟ ದಿನಗಳು.

ದೂರದ ಸರ್ವರ್‌ನ ಸೇವೆಗೆ ಒಂದು ವರ್ಷ ಶುಲ್ಕವಿಲ್ಲ, ಆಮೇಲೆ ಚಂದಾ. ನಾನು ಅದನ್ನು ಮೊದಲ ವಾರದಲ್ಲೇ ನಿಲ್ಲಿಸಿಬಿಟ್ಟೆ. ಮನೆಯೊಳಗಿನ ಕ್ಯಾಮೆರಾ ಮತ್ತು ಮೈಕ್ರೊಫೋನಿನ ದತ್ತಾಂಶ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಒಂದು ಕಡೆ. ಸೇವೆಯ ಆಯುಸ್ಸಿನ ಪ್ರಶ್ನೆ ಇನ್ನೊಂದು ಕಡೆ. 2017ರಲ್ಲಿ ಮಾರುಕಟ್ಟೆಗೆ ಬಂದ ಜಿಬೊ ಎಂಬ ಗೃಹ ರೋಬೋಟ್ ಎರಡೇ ವರ್ಷದಲ್ಲಿ, ತನ್ನ ಸರ್ವರ್‌ಗಳು ಮುಚ್ಚಲಿವೆ ಎಂದು ಒಡೆಯರಿಗೆ ತಾನೇ ಹೇಳಿ ವಿದಾಯ ಕೋರಬೇಕಾಯಿತು. ಈ ಕಿಟ್‌ನ ದೊಡ್ಡ ಗುಣ ಇಲ್ಲಿದೆ: ಸರ್ವರ್ ಇಲ್ಲದೆಯೂ ಮುಖ್ಯ ಕೆಲಸಗಳೆಲ್ಲ ನಡೆಯುತ್ತವೆ, ಪ್ರತಿ ಭಾಗವನ್ನೂ ಬಿಚ್ಚಿ ಬದಲಿಸಬಹುದು, ತಂತ್ರಾಂಶದ ಮೂಲವೆಲ್ಲ ನಮ್ಮ ಕೈಯಲ್ಲಿದೆ. ಮೇಲೆ ಹೇಳಿದ ದೋಷಗಳಲ್ಲಿ ಬಹುಪಾಲನ್ನು ನಾನೇ ತಿದ್ದಿಕೊಳ್ಳಲು ಸಾಧ್ಯವಾದದ್ದು ಅದರಿಂದಲೇ.

ಪೆಟ್ಟಿಗೆ ಒಡೆದ ದಿನವೇ ದುಡಿಯುವ ಯಂತ್ರ ಬೇಕೆನ್ನುವವರು ಇದನ್ನು ಕೊಳ್ಳಬಾರದು. ಅವರಿಗೆ ಗುಡಿಸುವ ರೋಬೋಟ್ ಸಾಕು, ಪೀಠಕ್ಕೆ ಮರಳುವುದನ್ನು ಅದು ಇದಕ್ಕಿಂತ ಚೆನ್ನಾಗಿ ಮಾಡುತ್ತದೆ. ಲಿನಕ್ಸ್ ಮತ್ತು ಪೈಥಾನ್ ಬಲ್ಲವರು, ಸ್ಕ್ರೂಡ್ರೈವರ್ ಹಿಡಿಯಲು ಅಂಜದವರು, ಮೂರು ತಿಂಗಳ ಸಂಜೆಗಳನ್ನು ಕೊಡಬಲ್ಲವರು ಕೊಳ್ಳಬಹುದು. ಆದರೆ ಕೈಪಿಡಿಯನ್ನು ಬದಿಗಿಟ್ಟು, ಜಾಝಿ ಆವೃತ್ತಿಗೆಂದೇ ಬರೆದಿರುವ ನ್ಯಾವ್2ರ ಅಧಿಕೃತ ದಾಖಲೆಯನ್ನು ಮುಂದಿಟ್ಟುಕೊಂಡೇ ಆರಂಭಿಸಬೇಕು. ನಾನು ಈಗ ಆ ಲೋಹದ ಗುಂಡನ್ನು ಕಿತ್ತುಹಾಕಿ, ಅದರ ಜಾಗಕ್ಕೆ ರಬ್ಬರು ಸುತ್ತಿದ ದೊಡ್ಡ ಉರುಳೆಯೊಂದನ್ನು ಕೂರಿಸುತ್ತಿದ್ದೇನೆ. ತಳ ಒಂದು ಬೆರಳಷ್ಟು ಎತ್ತರವಾಗುವುದರಿಂದ ಪೀಠದ ಸಂಪರ್ಕ ಪಟ್ಟಿಗಳನ್ನೂ ಅಷ್ಟೇ ಮೇಲಕ್ಕೆ ಏರಿಸಬೇಕಾಗಿದೆ.